ಕಸಿ ಟೊಮೆಟೊ ಕೂಡ ಸೊರಗಿ ಸಾಯ್ತಿದೆ, ಎಲ್ಲಿ ತಪ್ಪಿದೆ?

ಹಳೇಗುದ್ದಲಿ:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗದೆ ಓದಿ.

ಮೂರು ವರ್ಷದಿಂದ ಒಂದೇ ಜಾಗದಲ್ಲಿ ಟೊಮೆಟೊ ಹಾಕುತ್ತಿದ್ದೇನೆ. ಕಳೆದ ಬೆಳೆಯಲ್ಲಿ ಮೊದಲ ಕಾಯಿ ಬಣ್ಣ ತಿರುಗುವ ಹೊತ್ತಿಗೆ ಗಿಡಗಳು ಒಂದೊಂದಾಗಿ ಬಾಡಿದವು. ಮಧ್ಯಾಹ್ನ ಜೋತು ಬೀಳುತ್ತಿದ್ದವು, ಸಂಜೆಗೆ ಎದ್ದು ನಿಲ್ಲುತ್ತಿದ್ದವು. ಮೂರನೇ ದಿನ ಏಳಲೇ ಇಲ್ಲ. ಎಲೆ ಹಳದಿ ಆಗಲಿಲ್ಲ, ಹಸಿರಾಗಿದ್ದ ಹಾಗೇ ಸತ್ತವು. ನೀರು ಸಾಲದೇನೋ ಅಂತ ಇನ್ನೂ ಜಾಸ್ತಿ ಬಿಟ್ಟೆ. ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದೆ ಅಂತ ಆಮೇಲೆ ಗೊತ್ತಾಯಿತು.

ಮಣ್ಣಿಗೆ ವಿಷ ಹಾಕುವ ಮನಸ್ಸಿಲ್ಲ. ಹಾಗಾಗಿ ಈ ಸಲ ಬದನೆ ಗಿಡದ ಮೇಲೆ ಟೊಮೆಟೊ ಕಸಿ ಕಟ್ಟಿದೆ. ಬ್ಲೇಡಿನಲ್ಲಿ ಎರಡನ್ನೂ ಓರೆಯಾಗಿ ಕತ್ತರಿಸಿ, ಕ್ಲಿಪ್ ಹಾಕಿ, ಪ್ಲಾಸ್ಟಿಕ್ ಹೊದಿಸಿದ ಪೆಟ್ಟಿಗೆಯಲ್ಲಿ ಒಂದು ವಾರ ನೆರಳಲ್ಲಿ ಇಟ್ಟಿದ್ದೆ. 100ರಲ್ಲಿ 72 ಉಳಿದವು. ನೆಟ್ಟು 50 ದಿನ ಕಣ್ಣಿಗೆ ಹಬ್ಬ. ಈಗ 19 ಗಿಡ ಅದೇ ಥರ ಜೋತು ಬಿದ್ದಿವೆ.

ಕಸಿ ಮಾಡಿದರೆ ಸೊರಗು ರೋಗ ಬರಲ್ಲ ಅನ್ನೋದು ಸುಮ್ನೆ ಮಾತಾ?

ಹೂಬುಟ್ಟಿ:

ಸಾಲಿನ ಮಧ್ಯೆ ಅಲ್ಲಲ್ಲಿ ಚೆಂಡು ಹೂ ಹಾಕಿ ಸಾರ್. ಬೇರಿನ ಕಾಟ ಎಲ್ಲಾ ಹೋಗುತ್ತೆ. ನೋಡೋಕೂ ಚೆಂದ.

ಬೇರುನೋಟ:

ಹೂಬುಟ್ಟಿಯವರು ಬೇಸರ ಮಾಡಿಕೊಳ್ಳಬಾರದು. ಚೆಂಡು ಹೂವಿನ ಬೇರಿನಲ್ಲಿ ಆಲ್ಫಾ ಟರ್ಥಿಯೆನಿಲ್ ಅನ್ನುವ ವಸ್ತು ಇದೆ, ಅದು ಬೇರುಗಂಟು ಮಾಡುವ ಜಂತುಹುಳುವನ್ನು ಕೊಲ್ಲುತ್ತದೆ. ಅದು ನಿಜ. ಆದರೆ ಅಲ್ಲೊಂದು ಇಲ್ಲೊಂದು ಗಿಡ ಹಾಕಿದರೆ ಹೇಳಿಕೊಳ್ಳುವಂಥ ಫಲ ಸಿಗುವುದಿಲ್ಲ. ಟೊಮೆಟೊಗಿಂತ ಮೊದಲು ಇಡೀ ಮಡಿಯ ತುಂಬ ಒತ್ತಾಗಿ ಎರಡು ತಿಂಗಳಾದರೂ ಬೆಳೆಸಬೇಕು. ಇನ್ನು ಇವರ ಹೊಲದಲ್ಲಿ ಕೊಲ್ಲುತ್ತಿರುವುದು ಹುಳುವೋ, ಶಿಲೀಂಧ್ರವೋ, ಬ್ಯಾಕ್ಟೀರಿಯಾವೋ ಅಂತಲೇ ಯಾರೂ ನೋಡಿಲ್ಲ, ಅಲ್ವಾ? ಕಳ್ಳ ಯಾರು ಅಂತ ತಿಳಿಯದೆ ಬೀಗ ಕೊಳ್ಳಲು ಹೊರಟ ಹಾಗಾಯಿತು.

ಹಳೇಗುದ್ದಲಿಯವರೇ, ಈಗ ಬಾಡಿರುವ ಒಂದು ಗಿಡ ಕೀಳಿ. ಬೇರಿನಲ್ಲಿ ಗಂಟು ಇದೆಯಾ ನೋಡಿ. ಆಮೇಲೆ ಕಸಿ ಗಂಟಿನ ಮೇಲಿನ ಕಾಂಡದಿಂದ ಒಂದು ಗೇಣು ತುಂಡು ಕತ್ತರಿಸಿ, ಮಣ್ಣು ಒರೆಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಹಿಡಿಯಿರಿ. ಅಲ್ಲಾಡಿಸಬೇಡಿ. ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾ ಇದ್ದರೆ ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಕ್ಕೆ ಇಳಿಯುತ್ತದೆ. ಫ್ಯುಸೇರಿಯಂ ಶಿಲೀಂಧ್ರವಾದರೆ ಎಳೆ ಬರುವುದಿಲ್ಲ, ಜೊತೆಗೆ ಕೆಳಗಿನ ಎಲೆ ಮೊದಲು ಹಳದಿ ಆಗಿರುತ್ತದೆ.

ಇನ್ನೊಂದು ಪ್ರಶ್ನೆ. ನೆಟ್ಟ ಮೇಲೆ ಬುಡಕ್ಕೆ ಮಣ್ಣು ಏರಿಸಿದಿರಾ?

ಹಳೇಗುದ್ದಲಿ:

ಏರಿಸಿದೆನಲ್ಲ! ಟೊಮೆಟೊಗೆ ಮಣ್ಣು ಏರಿಸದೆ ಇರುತ್ತಾರಾ? 25ನೇ ದಿನಕ್ಕೆ ಒಂದು ಸಲ, ಆಮೇಲೆ ಇನ್ನೊಂದು ಸಲ.

ಲೋಟದ ಪರೀಕ್ಷೆ ಈಗ ತಾನೇ ಮಾಡಿದೆ. ಮೊದಲು ಏನೂ ಕಾಣಲಿಲ್ಲ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸಿಗರೇಟಿನ ಹೊಗೆ ತಲೆಕೆಳಗಾಗಿ ಇಳಿದ ಹಾಗೆ ಬೆಳ್ಳಗೆ ಒಂದು ಎಳೆ, ಸುರುಳಿ ಸುತ್ತಿಕೊಂಡು ತಳ ಸೇರಿತು. ಮೈ ಜುಮ್ಮೆಂದಿತು. ಬೇರಿನಲ್ಲಿ ಗಂಟು ಇಲ್ಲ.

ಬೇರುನೋಟ:

ಹಾಗಾದರೆ ಉತ್ತರ ಬುಡದಲ್ಲೇ ಇದೆ. ಸತ್ತ ಗಿಡಗಳ ಮಣ್ಣು ಕೈಯಲ್ಲಿ ಬಿಡಿಸಿ. ಕಸಿ ಗಂಟಿನ ಮೇಲೆ ಬಿಳಿ ಬೇರು ಬಿಟ್ಟಿದೆಯಾ ನೋಡಿ.

ಟೊಮೆಟೊ ಕಾಂಡಕ್ಕೆ ಒದ್ದೆ ಮಣ್ಣು ತಗುಲಿದರೆ ಸಾಕು, ಅಲ್ಲಿಂದಲೇ ಬೇರು ಹೊರಡುತ್ತದೆ. ಮಾಮೂಲಿ ಗಿಡಕ್ಕೆ ಅದು ಲಾಭ, ಕಸಿ ಗಿಡಕ್ಕೆ ಅದೇ ಮುಳುವು. ರೋಗ ತಡೆಯುವುದು ಬದನೆಯ ಬೇರು. ಮೇಲಿನ ಟೊಮೆಟೊಗೆ ಸ್ವಂತ ಬೇರು ಬಂದ ಮೇಲೆ ಬ್ಯಾಕ್ಟೀರಿಯಾ ಬದನೆಯ ಹತ್ತಿರ ಹೋಗುವುದೇ ಇಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ನಾನು ಕಸಿ ತರಕಾರಿಯ ಪ್ರಯೋಗದ ತಾಕಿನಲ್ಲಿ ಸುಮಾರು ವರ್ಷ ಕೆಲಸ ಮಾಡಿದವಳು. ಇದೇ ತಪ್ಪನ್ನು ನಾವೂ ಮಾಡಿ, ಬೇರುಗಿಡವೇ, ಅಂದರೆ ಕಸಿಯ ಕೆಳಗಿನ ಗಿಡವೇ, ಸರಿಯಿಲ್ಲ ಅಂತ ಬರೆದು ಮುಗಿಸುವವರಿದ್ದೆವು. ಗಿಡ ಕಿತ್ತವನು ಬುಡ ತೋರಿಸಿದ್ದಕ್ಕೆ ಮರ್ಯಾದೆ ಉಳಿಯಿತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಸಿ ಸುಳ್ಳಲ್ಲ. ಜಪಾನಿನಲ್ಲಿ 1920ರ ದಶಕದಲ್ಲೇ ಸೊರಗು ರೋಗಕ್ಕೆ ಹೆದರಿ ಕಲ್ಲಂಗಡಿಯನ್ನು ಕುಂಬಳ, ಸೋರೆಯ ಜಾತಿಯ ಬೇರಿನ ಮೇಲೆ ಕಟ್ಟತೊಡಗಿದರು. ತೈವಾನಿನ ವಿಶ್ವ ತರಕಾರಿ ಕೇಂದ್ರ ಟೊಮೆಟೊಗೆ ಇಜಿ 203 ಅನ್ನುವ ಬದನೆ ತಳಿಯನ್ನು ಬೇರುಗಿಡವಾಗಿ ಹೇಳುತ್ತದೆ. ಅದು ಈ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ನೀರು ನಿಂತರೂ ತಾಳಿಕೊಳ್ಳುತ್ತದೆ. ಆದರೆ ತಡೆಯುವ ಬೇರು ಅಂದರೆ ಬ್ಯಾಕ್ಟೀರಿಯಾ ಒಳಗೇ ಬರಲ್ಲ ಅಂತಲ್ಲ. ಬರುತ್ತದೆ, ಮೇಲೆ ಹತ್ತಲು ಕಷ್ಟಪಡುತ್ತದೆ ಅಷ್ಟೇ. ಬ್ಯಾಕ್ಟೀರಿಯಾದಲ್ಲೂ ಹಲವು ಬಗೆ ಇವೆ, ಒಂದು ಕಡೆ ಗೆದ್ದ ಬೇರುಗಿಡ ಇನ್ನೊಂದು ಕಡೆ ಸೋಲಬಹುದು. ನಿಮ್ಮ ಬದನೆ ಯಾವ ತಳಿ?

ಕಡ್ಡಿಬೇಲಿ:

ನಡುವೆ ಬಾಯಿ ಹಾಕ್ತಿದ್ದೀನಿ. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹೊದಿಸಿ ಮಣ್ಣು ಕಾಯಿಸಿದರೆ ಈ ತಲೆನೋವೇ ಇರಲ್ಲ ಅಲ್ವಾ? ಅಥವಾ ಸಾಸಿವೆ ಬೆಳೆದು ಮಣ್ಣಿಗೆ ಸೇರಿಸೋದು?

ಬೇರುನೋಟ:

ಎರಡೂ ಒಳ್ಳೆಯ ದಾರಿಯೇ. ಬಿಸಿಲಿಂದ ಮಣ್ಣು ಕಾಯಿಸುವುದನ್ನು ಇಸ್ರೇಲಿನ ಕಟಾನ್ ಮತ್ತು ಜೊತೆಗಾರರು 1976ರಲ್ಲಿ ಪ್ರಕಟಿಸಿದರು. ಮಣ್ಣಿನ ರೋಗ ಕೊಲ್ಲಲು ಬಿಡುತ್ತಿದ್ದ ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲ ಓಜೋನ್ ಪದರಕ್ಕೆ ಹಾನಿ ಅಂತ ಮುಂದುವರಿದ ದೇಶಗಳು 2005ಕ್ಕೆ, ಉಳಿದವು 2015ಕ್ಕೆ ಬಿಡಬೇಕಾಗಿ ಬಂದಾಗ ಇಂಥ ದಾರಿಗಳಿಗೆ ಬೆಲೆ ಬಂತು. ಹಾಳೆ ತೆಳುವಾಗಿ ಪಾರದರ್ಶಕವಾಗಿರಬೇಕು, ಕಪ್ಪು ಬೇಡ. ಮಣ್ಣು ಒದ್ದೆ ಇರಬೇಕು, ನಾಲ್ಕರಿಂದ ಆರು ವಾರ ಮುಚ್ಚಿಡಬೇಕು. ಆದರೆ ಚೆನ್ನಾಗಿ ಕಾಯುವುದು ಮೇಲಿನ ಪದರ ಮಾತ್ರ. ರಾಲ್‌ಸ್ಟೋನಿಯಾ ಆಳದಲ್ಲಿ ಅಡಗಿ ಕೂರುತ್ತದೆ, ನೀರಿನ ಜೊತೆ ಮತ್ತೆ ಬರುತ್ತದೆ. ಅದೊಂದನ್ನೇ ನಂಬಬೇಡಿ.

ಸಾಸಿವೆಯಲ್ಲಿ ಗಿಡ ಜಜ್ಜಿ ಹೋದಾಗ ಹುಟ್ಟುವ ಘಾಟೇ ಮದ್ದು. ಹೂ ಬಿಡುವಾಗ ಚೆನ್ನಾಗಿ ಕೊಚ್ಚಿ, ತಡ ಮಾಡದೆ ಮಣ್ಣಿಗೆ ಬೆರೆಸಿ, ನೀರು ಕೊಟ್ಟು ಮುಚ್ಚಬೇಕು. ಕೊಯ್ದು ಎರಡು ದಿನ ಬದುವಿನ ಮೇಲೆ ಒಣಗಲು ಬಿಟ್ಟರೆ ಉಳಿಯುವುದು ಬರೀ ಸೊಪ್ಪಿನ ಗೊಬ್ಬರ.

ಹಳೇಗುದ್ದಲಿ:

ಅಕ್ಕಾ, 19 ಗಿಡದ ಬುಡವನ್ನೂ ಬಿಡಿಸಿದೆ. 17ರಲ್ಲಿ ಕ್ಲಿಪ್ ಇದ್ದ ಜಾಗದ ಮೇಲೆ ಸುತ್ತಲೂ ಬೇರು, ಗಡ್ಡ ಬೆಳೆದ ಹಾಗೆ. ಉಳಿದ ಎರಡಕ್ಕೆ ಕಾರಣ ಗೊತ್ತಿಲ್ಲ. ಬದನೆ ಬೀಜ ಮನೆಯದೇ, ಯಾವ ತಳಿ ಅಂತ ಕೇಳಬೇಡಿ. ಆರೋಗ್ಯವಾಗಿರುವ ಗಿಡಗಳನ್ನು ಏನು ಮಾಡಲಿ?

ಬೇರುನೋಟ:

ಸತ್ತವನ್ನು ಬುಡದ ಮಣ್ಣಿನ ಸಮೇತ ಹೊರಗೆ ಹಾಕಿ, ತಿಪ್ಪೆಗೆ ಮಾತ್ರ ಬೇಡ. ಆ ಜಾಗದ ನೀರು ಉಳಿದ ಸಾಲಿಗೆ ಹರಿಯಬಾರದು. ಉಳಿದ ಗಿಡಗಳ ಬುಡದ ಮಣ್ಣು ಸರಿಸಿ, ಕಸಿ ಗಂಟು ಗಾಳಿಗೆ ಕಾಣಬೇಕು. ಮೇಲಿನ ಬೇರನ್ನು ಒಣ ಹೊತ್ತಿನಲ್ಲಿ ಕತ್ತರಿಸಿ, ಗಿಡಗಿಡಕ್ಕೂ ಬ್ಲೇಡ್ ಶುಚಿ ಮಾಡಿ. ಮುಂದಿನ ಸಲ ಬದನೆಯನ್ನು ಟೊಮೆಟೊಗಿಂತ ಕೆಲವು ದಿನ ಮೊದಲೇ ಬಿತ್ತಿ, ಕಸಿಯನ್ನು ಎತ್ತರದಲ್ಲಿ ಕಟ್ಟಿ. ಆಗ ಸ್ವಲ್ಪ ಮಣ್ಣು ಬಿದ್ದರೂ ಗಂಟು ಮುಚ್ಚುವುದಿಲ್ಲ.

ಹಳೇಗುದ್ದಲಿ:

53 ಗಿಡದ ಬುಡ ಬಿಡಿಸಿ ಮುಗಿಯಿತು, ಸೊಂಟ ಹಿಡಿದುಕೊಂಡಿದೆ. ಪ್ರತಿ ಗಿಡದ ಕಸಿ ಗಂಟಿಗೂ ಕೆಂಪು ದಾರ ಕಟ್ಟಿದ್ದೇನೆ, ಕೈ ಅಭ್ಯಾಸಬಲದಿಂದ ಮತ್ತೆ ಮಣ್ಣು ಎಳೆಯಬಾರದು ಅಂತ. ಗುದ್ದಲಿ ಅಟ್ಟದ ಮೇಲಿದೆ. ಇಲ್ಲಿನ ಹೆಸರು ಮಾತ್ರ ಹಾಗೇ ಇರಲಿ.