ಒಂದೇ ಸ್ಲಡ್ಜ್, ಮೂರು ಥರ ಸಿಎಸ್‌ಟಿ: ತಪ್ಪು ಎಲ್ಲಿ?

ಹಡಪ್ಸರ್ ಮಲ್ಲು
ಪುಣೆಯಲ್ಲಿ ಹೌಸಿಂಗ್ ಸೊಸೈಟಿಯ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಕೊನೆಗೆ ಸ್ಲಡ್ಜ್ (ಉಳಿಯೋ ಕೆಸರು) ಹಿಂಡೋ ಫಿಲ್ಟರ್ ಪ್ರೆಸ್ ಇದೆ. ಕೆಸರನ್ನ ಗಡ್ಡೆ ಕಟ್ಟಿಸೋ ಪಾಲಿಮರ್‌ನ ಡೋಸ್ ಗೊತ್ತುಮಾಡೋಕೆ ಸಿಎಸ್‌ಟಿ (ಕ್ಯಾಪಿಲರಿ ಸಕ್ಷನ್ ಟೈಮ್: ಫನಲಿಗೆ ಹಾಕಿದ ಸ್ಲಡ್ಜಿನ ನೀರು ಕೆಳಗಿನ ಪೇಪರಲ್ಲಿ ಹರಡಿ ಒಂದು ಸೆನ್ಸರಿಂದ ಇನ್ನೊಂದಕ್ಕೆ ಮುಟ್ಟೋಕೆ ಹಿಡಿಯೋ ಸೆಕೆಂಡ್) ತೆಗೀತಿದೀವಿ. ಒಂದೇ ಬಕೆಟ್ಟಿನ ಸ್ಲಡ್ಜ್, ಪಾಲಿಮರ್ ಇನ್ನೂ ಹಾಕಿಲ್ಲ. ಬಂದಿದ್ದು 88, 131, 104 ಸೆಕೆಂಡ್. ಫನಲ್ 18 ಮಿ.ಮೀ. ವಾಟ್‌ಮನ್ 17ನೇ ನಂಬರ್ ಪೇಪರಿನ ದೊಡ್ಡ ಶೀಟ್ ತಂದು ಇಲ್ಲೇ ಕತ್ತರಿಸಿದ್ದು. ಮಷಿನ್ ರಿಪೇರಿಗೆ ಕಳಿಸ್ಬೇಕಾ?

ಸಾವಿತ್ರಿ_ಠಾಣೆ
ಈಗಲೇ ಬೇಡ ಮಲ್ಲು ಅವರೇ. ಡಿಸ್ಟಿಲ್ಡ್ ನೀರು ಹಾಕಿ ಐದು ಸಲ ಓಡಿಸಿ. ನೀರಿನ ರೀಡಿಂಗೇ ಕುಣೀತಿದ್ರೆ ತೊಂದರೆ ಪೇಪರ್‌ದೋ ಸೆನ್ಸರ್‌ದೋ. ನೀರು ಸ್ಥಿರವಾಗಿದ್ದು ಸ್ಲಡ್ಜ್ ಮಾತ್ರ ಕುಣಿದ್ರೆ ನೀವು ಸ್ಯಾಂಪಲ್ ತೆಗೆಯೋ ರೀತಿ ನೋಡ್ಕೊಳ್ಳಿ.

ನನಗೆ ಅನುಮಾನ ಕತ್ತರಿ ಮೇಲೆ. ಈ ಪೇಪರಿಗೆ ನಾರಿನ ದಿಕ್ಕಿದೆ, ನೀರು ಆ ದಿಕ್ಕಲ್ಲಿ ಬೇಗ ಓಡುತ್ತೆ. ತುಂಡು 7×9 ಸೆಂ.ಮೀ., ನಾರು 9ರ ಬದಿಗೆ ಸಮಾನಾಂತರ, ಒರಟು ಮೈ ಮೇಲೆ ಇರ್ಬೇಕು. ದೊಡ್ಡ ಶೀಟಲ್ಲಿ ಜಾಗ ಉಳಿಸೋಕೆ ಕೆಲವು ಉದ್ದಕ್ಕೆ, ಕೆಲವು ಅಡ್ಡಕ್ಕೆ ಕತ್ತರಿಸಿದ್ರೆ ಇದೇ ಕಥೆ. ತುಂಡಿನ ಮಧ್ಯೆ ಒಂದು ಹನಿ ನೀರು ಬಿಡಿ, ಒದ್ದೆ ಗುರುತು ಮೊಟ್ಟೆಯಾಕಾರ ಆಗುತ್ತೆ. ಉದ್ದ ಎತ್ತ ಇದೆಯೋ ನಾರು ಅತ್ತ.

ಇನ್ನೊಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಪರ್ ಮೇಜಿನ ಮೇಲೆ ಬಿಡಲೇಬೇಡಿ. ನಮ್ಮ ಮುಂಬೈ ಕಡೆಯ ಮಳೆಗಾಲದಲ್ಲಂತೂ ಅದು ಸುಮ್ಮನೆ ತೇವ ಎಳ್ಕೊಳ್ಳುತ್ತೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಪ್ರತಿ ರೀಡಿಂಗ್ ಆದಮೇಲೆ ಸೆನ್ಸರಿನ ಪಿನ್ ಒರೆಸಿ, ಒಣಗಿಸಿ. ಫ್ರಿಜ್‌ನಿಂದ ತೆಗೆದ ಸ್ಯಾಂಪಲ್ ಕೋಣೆಯ ತಾಪಕ್ಕೆ ಬರೋವರೆಗೆ ಕಾಯಿರಿ. ತಣ್ಣಗಿದ್ರೆ ನೀರು ಮಂದ, ಸಿಎಸ್‌ಟಿ ಜಾಸ್ತಿ ಬರುತ್ತೆ.

ಹಡಪ್ಸರ್ ಮಲ್ಲು
ಮೇಡಂ, ಹನಿ ಪರೀಕ್ಷೆಯಲ್ಲಿ ತಪ್ಪು ಸಿಕ್ಕಿಬಿಟ್ಟಿತು, ಅರ್ಧಕ್ಕರ್ಧ ತುಂಡು ಅಡ್ಡ. ಸರಿಯಾದವನ್ನೇ ಆರಿಸಿದಮೇಲೆ 101, 106, 103. ಈಗ ಬೇರೆ ಪ್ರಶ್ನೆ. ಪಾಲಿಮರ್ ಹಾಕಿದ್ರೆ ಸಿಎಸ್‌ಟಿ 14ಕ್ಕೆ ಇಳಿಯುತ್ತೆ. ಆದ್ರೂ ಪ್ರೆಸ್ ಬಿಚ್ಚಿದ್ರೆ ಕೇಕ್ (ಹಿಂಡಿ ಉಳಿದ ಕೆಸರಿನ ಹಲಗೆ) ಬಟ್ಟೆಗೆ ಅಂಟಿ, ನಡುವೆ ಗಂಜಿ ಥರ ಇರುತ್ತೆ.

ಪ್ರಸನ್ನ (ವಾಸ್ಕೊ)
ಸಿಎಸ್‌ಟಿ ಹೇಳೋದು ಘನಾಂಶಕ್ಕೆ ಅಂಟದ ನೀರು ಎಷ್ಟು ಬೇಗ ಹೊರಗೆ ಬರುತ್ತೆ ಅಂತ ಮಾತ್ರ. ಕೇಕ್ ಕೊನೆಗೆ ಎಷ್ಟು ಒಣಗುತ್ತೆ ಅನ್ನೋದು ಅದರಲ್ಲಿ ಇಲ್ಲ. ಕಡಿಮೆ ನಂಬರ್ ನೋಡಿ ಡೋಸ್ ಬರೆದಿಟ್ಟುಬಿಡೋದು ಎಲ್ಲರೂ ಮಾಡೋ ಕೆಲಸ.

ಬೀಕರಲ್ಲಿ ಕಟ್ಟಿದ ಫ್ಲಾಕ್ (ಪಾಲಿಮರ್‌ನಿಂದಾದ ಕೆಸರಿನ ಗಡ್ಡೆ) ಪ್ರೆಸ್ಸಿಗೆ ಸ್ಲಡ್ಜ್ ತಳ್ಳೋ ಫೀಡ್ ಪಂಪಿನಲ್ಲಿ ಒಡೆಯದೆ ಉಳಿಯುತ್ತಾ ನೋಡಿ. ಪಾಲಿಮರ್ ಬೆರೆಸಿದ ಸ್ಲಡ್ಜನ್ನು ಒಂದೇ ವೇಗದಲ್ಲಿ 10, 40, 100 ಸೆಕೆಂಡ್ ಕಲಕಿ, ಒಂದೊಂದು ಸಲವೂ ಸಿಎಸ್‌ಟಿ ತೆಗೆಯಿರಿ. 14ರಿಂದ 60, 70ಕ್ಕೆ ಜಿಗಿದ್ರೆ ಫ್ಲಾಕ್ ದುರ್ಬಲ. ಸೆಂಟ್ರಿಫ್ಯೂಗಲ್ ಪಂಪ್ ಇದ್ರಂತೂ ಅದನ್ನ ಪುಡಿ ಮಾಡೇ ಕಳಿಸುತ್ತೆ. ಸ್ಕ್ರೂ ಪಂಪ್ ಮೇಲು.

ಮೂರರಲ್ಲೂ ಏರದಿದ್ರೆ ಡೋಸ್ ಜಾಸ್ತಿಯಾಗಿರಬಹುದು. ಉಳಿದ ಪಾಲಿಮರ್ ನೀರನ್ನ ಅಂಟು ಮಾಡಿ ಬಟ್ಟೆಯ ರಂಧ್ರ ಮುಚ್ಚುತ್ತೆ. ಹಿಂಡಿದ ನೀರನ್ನ ಬೆರಳ ನಡುವೆ ಉಜ್ಜಿ, ಜಾರಿದ್ರೆ ಹೆಚ್ಚಾಗಿದೆ.

ಡೋಸ್ ಹೇಗೆ ಅಳೆದ್ರಿ? ಉದಾಹರಣೆಗೆ 2.4% ಘನಾಂಶದ ಸ್ಲಡ್ಜ್ 500 ಮಿ.ಲೀ. ಅಂದ್ರೆ ಒಣ ತೂಕ 12 ಗ್ರಾಂ. ಒಣ ಟನ್ನಿಗೆ 5 ಕೆ.ಜಿ. ಅಂದ್ರೆ 60 ಮಿ.ಗ್ರಾಂ., ಅಂದ್ರೆ 0.2% ದ್ರಾವಣ 30 ಮಿ.ಲೀ. ಆ 30 ಮಿ.ಲೀ. ಸ್ಲಡ್ಜನ್ನ ತೆಳು ಮಾಡುತ್ತೆ, ಅಷ್ಟಕ್ಕೇ ಸಿಎಸ್‌ಟಿ ಇಳಿಯುತ್ತೆ. ಹಾಗಾಗಿ ಎಲ್ಲಾ ಬೀಕರಿಗೂ ನೀರು ಸೇರಿಸಿ ಒಟ್ಟು ಅಳತೆ ಸಮ ಮಾಡಿ, ಪಾಲಿಮರ್ ಇಲ್ಲದ್ದಕ್ಕೂ. ದ್ರಾವಣ ಕರಗಿಸಿ ಒಂದು ಗಂಟೆ ಬಿಟ್ಟು ಬಳಸಿ. ಮೀನಿನ ಕಣ್ಣಿನಂಥ ಗಂಟು ಕಂಡ್ರೆ ಅದನ್ನ ಚೆಲ್ಲಿ ಹೊಸದು ಮಾಡಿ.

ಸಾವಿತ್ರಿ_ಠಾಣೆ
ಬೇರೆಬೇರೆ ದಿನದ ಸ್ಲಡ್ಜ್ ಹೋಲಿಸೋದಾದ್ರೆ ಸಿಎಸ್‌ಟಿಯಿಂದ ನೀರಿನ ರೀಡಿಂಗ್ ಕಳೆದು, ಲೀಟರಿಗೆ ಎಷ್ಟು ಗ್ರಾಂ ಘನಾಂಶ ಇದೆಯೋ ಅದರಿಂದ ಭಾಗಿಸಿ. ಮತ್ತೆ, ಸಣ್ಣ ಮೂತಿಯ ಪಿಪೆಟ್‌ನಲ್ಲಿ ಎಳೆದ್ರೆ ಫ್ಲಾಕ್ ಅಲ್ಲೇ ಒಡೆದುಹೋಗುತ್ತೆ. ತುದಿ ಕತ್ತರಿಸಿದ ಸಿರಿಂಜ್ ಸಾಕು.

ಹಡಪ್ಸರ್ ಮಲ್ಲು
ನಮ್ಮದು ಸೆಂಟ್ರಿಫ್ಯೂಗಲ್ಲೇ. 100 ಸೆಕೆಂಡ್ ಕಲಕಿದ್ರೆ 58. 17ನೇ ಪೇಪರ್ ಮುಗೀತಾ ಬಂತು, 1ನೇ ನಂಬರ್ ನಡೆಯುತ್ತಾ?

ಪ್ರಸನ್ನ (ವಾಸ್ಕೊ)
ಇಲ್ಲ ಮಲ್ಲು. ಅದು ತೆಳು, ನೀರು ಹೀರೋ ಶಕ್ತಿ ಬೇರೆ, ಈವರೆಗಿನ ಒಂದು ರೀಡಿಂಗಿಗೂ ತಾಳೆ ಆಗಲ್ಲ. ಅದನ್ನ ಬುಕ್ನರ್ ಫನಲಿಗೆ (ನಿರ್ವಾತದಲ್ಲಿ ಸೋಸೋ ಆಲಿಕೆ) ಇಟ್ಕೊಳ್ಳಿ. ಪಂಪ್ ಬದಲಿಸೋ ಮೊದಲು ಪಾಲಿಮರ್ ಸೇರಿಸೋ ಪಾಯಿಂಟನ್ನ ಪಂಪ್ ದಾಟಿದ ಮೇಲಿನ ಡೆಲಿವರಿ ಲೈನಿಗೆ ತನ್ನಿ. ಖರ್ಚು ಒಂದು ಪೈಪಿನ ಟೀ ಜಾಯಿಂಟ್, ಒಂದು ವಾಲ್ವ್ ಅಷ್ಟೇ.