2022ರ ಪ್ಲೇಟೆಸ್ಟ್ ಪಿಡಿಎಫ್, 2024ರ ಪುಸ್ತಕ: ಒಂದೇ ಟೇಬಲ್ ಮ್ಯಾಲ ನಡಿತಾವೇನ್ರಿ?

ತಿಲಕವಾಡಿ_ಟೇಬಲ್ (ಬೆಳಗಾವಿ)

ನಮಸ್ಕಾರ ರೀ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ಹಿಡಿದು ದಾಳ ಒಗೆದು ಆಡೋ ಟೇಬಲ್ ಆಟ) ಆಡೋ ನಮ್ಮ ಗುಂಪಿನ್ಯಾಗ ಎಲ್ಲಾರೂ ಲೆವೆಲ್ 5. ಇಲ್ಲೀತನಕ 2014ರ ನಿಯಮ ಇತ್ತು, ಈಗ 2024ರ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್‌ಗೆ ಬದಲಾಗಬೇಕಂತ ಮಾಡೇವಿ. ತೊಡಕು ಏನಂದ್ರ, ಒಬ್ಬೊಬ್ಬರು ಒಂದೊಂದು ಅನ್‌ಅರ್ಥ್ಡ್ ಆರ್ಕೇನಾ (ಪರೀಕ್ಷೆಗಂತ ಬಿಡೋ ನಿಯಮದ ಕರಡು, ಅದೇ ಪ್ಲೇಟೆಸ್ಟ್) ಹಿಡಕೊಂಡು ಕುಂತಾರ. ರೋಗ್ ಕ್ಲಾಸ್ (ಪಾತ್ರದ ಪ್ರಕಾರ) ಆಡಾಂವಗ 2022ರ ಥೀಫ್ ಸಬ್‌ಕ್ಲಾಸ್ (ಕ್ಲಾಸಿನೊಳಗಿನ ಕವಲು) ಬೇಕು. ವಾರ್ಲಾಕ್ 2023ರ ಕರಡು ತಂದಾನ. ಮೂನ್ ಡ್ರೂಯಿಡ್‌ಗೆ ಹಳೇ ನಿಯಮದ ಕರಡಿ ರೂಪನೇ (ಪ್ರಾಣಿ ಆಗಿ ಬದಲಾಗೋ ಶಕ್ತಿ) ಬೇಕು. ಫೈಟರ್ ಮಾಲ್ (ದೊಡ್ಡ ಸುತ್ತಿಗಿ) ಹಿಡಿದು ಪ್ರತಿ ಏಟಿಗೂ ಟಾಪಲ್ ಸೇವ್ (ವೈರಿ ಬೀಳದಂಗ ತಡಕೊಳ್ಳಲಿಕ್ಕೆ ಒಗೆಯೋ ದಾಳ) ಕೇಳ್ತಾನ, ಒಂದೊಂದು ಸುತ್ತು ಮುಗಿಯೂದ ಇಲ್ಲ. ಇವ್ರಾಗ ಯಾವುದನ್ನ ಒಪ್ಪಬೇಕು, ಯಾವುದನ್ನ ಬಿಡಬೇಕು? ಹೊಸಾ ಪ್ಲೇಟೆಸ್ಟ್ ಸಬ್‌ಕ್ಲಾಸ್ ಬಂದ್ರ ಅದನ್ನ ಸರಿಯಾಗಿ ಪರೀಕ್ಷೆ ಮಾಡೋ ರೀತಿ ಹ್ಯಾಂಗ?

ಗುಮ್ಮಟ_ಡಿಎಂ (ವಿಜಯಪುರ)

ಅಣ್ಣಾರ, ಮೊದಲ ತಾರೀಖು ನೋಡ್ರಿ. ಆಗಸ್ಟ್ 2022ರಿಂದ ನವೆಂಬರ್ 2023ರ ತನಕ ಬಂದ ಸರಣಿ ಅಂದ್ರ ಈ ಪುಸ್ತಕದ್ದೇ ಕರಡು. ಸೆಪ್ಟೆಂಬರ್ 2024ಕ್ಕ ಪುಸ್ತಕ ಬಂದ ಮ್ಯಾಲ ಆ ಕರಡುಗಳ ಕೆಲಸ ಮುಗೀತು. 2024ರ ನಿಯಮದ ಮ್ಯಾಲ ಕಟ್ಟಿ ಆಮ್ಯಾಲ ಬಂದ ಪ್ಲೇಟೆಸ್ಟ್ ಬ್ಯಾರೆ ಮಾತು. ಅವನ್ನ ಪರೀಕ್ಷೆಗೆ ತಗೋಬಹುದು.

ಹಳೇದನ್ನ ಯಾಕ ಬಿಡಬೇಕಂದ್ರ ಅವುಗಳ ಬುನಾದಿನೇ ಬ್ಯಾರೆ ಅದ. 2022ರ ಎಕ್ಸ್‌ಪರ್ಟ್ ಕ್ಲಾಸಸ್ ಕರಡಿನಾಗ ಸಬ್‌ಕ್ಲಾಸ್ ಫೀಚರ್ (ವಿಶೇಷ ಶಕ್ತಿ) ಲೆವೆಲ್ 3, 6, 10, 14ಕ್ಕ ಬರ್ತಿದ್ವು. ಪುಸ್ತಕದಾಗ ರೋಗ್‌ಗೆ 3, 9, 13, 17. ಆ ಥೀಫ್‌ನ್ನ ತಂದು ಈ ರೋಗ್‌ಗೆ ಹಚ್ಚಿದ್ರ ಲೆವೆಲ್ 6ಕ್ಕ ಒಂದು ಫೀಚರ್ ಹೆಚ್ಚಿಗಿ ಸಿಗ್ತದ, 9ಕ್ಕ ಕೈ ಖಾಲಿ. ಅದೇ ಕರಡಿನಾಗ ಸ್ನೀಕ್ ಅಟ್ಯಾಕ್ (ರೋಗ್ ಮಾಡೋ ಹೆಚ್ಚಿನ ಡ್ಯಾಮೇಜ್) ನಿಮ್ಮ ಸ್ವಂತ ಟರ್ನ್‌ನ್ಯಾಗ ಅಷ್ಟ ನಡೀತಿತ್ತು. ಪುಸ್ತಕದಾಗ ಅದು ಮತ್ತ ‘ಪ್ರತಿ ಟರ್ನ್‌ಗೆ ಒಮ್ಮೆ’ ಆಗ್ಯಾದ, ಹಿಂಗಾಗಿ ಆಪರ್ಚುನಿಟಿ ಅಟ್ಯಾಕ್ (ವೈರಿ ತನ್ನ ಟರ್ನ್‌ನ್ಯಾಗ ದೂರ ಸರಿಯುವಾಗ ಹೊಡೆಯೂದು) ಮ್ಯಾಲೂ ಹತ್ತತದ. ನಿಮ್ಮ ಹುಡುಗ ಹಳೇದನ್ನ ಹಿಡಿದು ತನ್ನ ನಷ್ಟಾನೇ ಮಾಡಿಕೊಳ್ಳಾಕತ್ಯಾನ, ಅದನ್ನ ಅಂವಗ ತೋರಿಸ್ರಿ.

ಆರ್ಕೇನ್, ಡಿವೈನ್, ಪ್ರೈಮಲ್ ಅಂತ ಮೂರು ಮಂತ್ರಪಟ್ಟಿ ಇದ್ದದ್ದೂ ಆಗಿನ ಕರಡಿನಾಗ. ಪುಸ್ತಕದಾಗ ಪ್ರತಿ ಕ್ಲಾಸಿಗೆ ತನ್ನದೇ ಪಟ್ಟಿ. ‘ಆರ್ಕೇನ್ ಪಟ್ಟಿಯಿಂದ ಒಂದು ಮಂತ್ರ ಆರಿಸು’ ಅಂತ ಬರೆದಿರೋ ಫೀಚರ್ ಕಂಡ್ರ, ಅದಕ್ಕ ಆಧಾರ ಆಗೋ ಪಟ್ಟಿನೇ ಈಗ ಇಲ್ಲ ಅಂತ ತಿಳೀರಿ. ಆಯುಧದ ಮಾಸ್ಟರಿಗಳಾಗ (ಏಟಿನ ಜೊತಿ ಬರೋ ವಿಶೇಷ ಪರಿಣಾಮ) ಫ್ಲೆಕ್ಸ್‌ನೂ ಹೋಯ್ತು. ಉಳಿದದ್ದು ಎಂಟು: ಕ್ಲೀವ್, ಗ್ರೇಜ್, ನಿಕ್, ಪುಶ್, ಸ್ಯಾಪ್, ಸ್ಲೋ, ಟಾಪಲ್, ವೆಕ್ಸ್. ದಣಿವಿನ ನಿಯಮ ಕರಡಿನಾಗ ಹತ್ತು ಹಂತ, ಹಂತಕ್ಕ −1 ಇತ್ತು. ಈಗ ಆರು ಹಂತ, ಪ್ರತಿ ಹಂತಕ್ಕ ಡಿ20 (20 ಮುಖದ ದಾಳ) ಮ್ಯಾಲ −2, ವೇಗ 5 ಅಡಿ ಕಮ್ಮಿ, ಆರಕ್ಕ ಸಾವು. ಕರಡಿನ ದಣಿವು, ಪುಸ್ತಕದ ದಣಿವು ಎರಡೂ ಒಂದೇ ಟೇಬಲ್ ಮ್ಯಾಲ ಬಂದ್ರ ಲೆಕ್ಕ ಕೂಡೂದೇ ಇಲ್ಲ.

ವಾರ್ಲಾಕ್ ಮಾತು: 2023ರ ಏಪ್ರಿಲ್ ಕರಡಿನಾಗ ಅವನ್ನ ಅರ್ಧ ಮಂತ್ರಗಾರ ಮಾಡಿದ್ರು, ಸೆಪ್ಟೆಂಬರ್ ಕರಡಿನಾಗ ಅವನ ಹಳೇ ಮಂತ್ರ ಪದ್ಧತಿ ಪ್ಯಾಕ್ಟ್ ಮ್ಯಾಜಿಕ್ ತಿರುಗಿ ಬಂತು. ಲೆವೆಲ್ 5ಕ್ಕ ಪುಸ್ತಕದ ವಾರ್ಲಾಕ್‌ಗೆ 3ನೇ ಲೆವೆಲ್‌ನ ಎರಡು ಸ್ಲಾಟ್ (ಮಂತ್ರ ಹಾಕೋ ಅವಕಾಶ), ಶಾರ್ಟ್ ರೆಸ್ಟ್ (ಆಟದೊಳಗಿನ ಸಣ್ಣ ವಿಶ್ರಾಂತಿ) ಆದ ಕೂಡಲೇ ವಾಪಸ್. ಒಂದು ದಿನದಾಗ ಒಂದೂ ಶಾರ್ಟ್ ರೆಸ್ಟ್ ಕೊಡದ ಡಿಎಂ (ಆಟ ನಡೆಸಾಂವ) ಕೈಯಾಗ ಈ ಕ್ಲಾಸ್ ಸೊರಗ್ತದ. ಹಂಗ ಆಗೂದು ಟೇಬಲ್‌ನ ವೇಳಾಪಟ್ಟಿಯಿಂದ, ಕ್ಲಾಸ್‌ನ ತಪ್ಪಿಲ್ಲ.

ಬಾದಾಮಿ_ಬಂಡೆ (ಬಾಗಲಕೋಟೆ)

ಡ್ರೂಯಿಡ್ ಬಗ್ಗೆ ನಾ ಹೇಳ್ತೀನಿ. 2014ರಾಗ ಕಂದು ಕರಡಿ ಆದ್ರ ಅದರ 34 ಹಿಟ್ ಪಾಯಿಂಟ್ (ಜೀವಬಲ) ಪೂರಾ ಸಿಗ್ತಿತ್ತು. ಎರಡು ಸಲ ರೂಪ ಬದಲಿಸಿದ್ರ 68. ಅದೂ ಶಾರ್ಟ್ ರೆಸ್ಟ್‌ಗೊಮ್ಮೆ ತುಂಬತಿತ್ತು. ಮುಂಭಾಗದಾಗ ನಿಂತ ಫೈಟರ್‌ಗಿಂತ ಗಟ್ಟಿ ಆಗಿಬಿಡತಿತ್ತು. 2024ರಾಗ ಡ್ರೂಯಿಡ್‌ನ ಸ್ವಂತ ಹಿಟ್ ಪಾಯಿಂಟ್‌ನೇ ಉಳೀತಾವ, ಮೂನ್ ಸರ್ಕಲ್‌ಗೆ ಮ್ಯಾಲ ಲೆವೆಲ್‌ನ ಮೂರು ಪಟ್ಟು ಟೆಂಪರರಿ ಹಿಟ್ ಪಾಯಿಂಟ್. ಲೆವೆಲ್ 5ಕ್ಕ 15. ಆದ್ರ ಎಸಿ (ಏಟು ತಗಲಲಿಕ್ಕೆ ವೈರಿಗೆ ಬೇಕಾದ ಅಂಕಿ) 13 ಮತ್ತು ವಿಸ್ಡಮ್ ಬೋನಸ್ ಸೇರಿ. ವಿಸ್ಡಮ್ 18 ಇದ್ರ ಬೋನಸ್ 4, ಎಸಿ 17. ಹಳೇ ಕರಡಿ ಎಸಿ ಬರೇ 11 ಇತ್ತು. ರೂಪ ಬದಲಾಗೂದು ಬೋನಸ್ ಆಕ್ಷನ್ (ಟರ್ನ್‌ನ್ಯಾಗ ಸಿಗೋ ಹೆಚ್ಚಿನ ಸಣ್ಣ ಕೆಲಸ), ಅದೇ ಟರ್ನ್‌ನ್ಯಾಗ ಹೊಡೀಬಹುದು. ಮೂನ್ ಸರ್ಕಲ್‌ನ ಮಂತ್ರಗಳನ್ನ ರೂಪದೊಳಗಿದ್ದಾಗನೂ ಹಾಕಬಹುದು. ಟೆಂಪರರಿ ಹಿಟ್ ಪಾಯಿಂಟ್ ಒಂದರ ಮ್ಯಾಲೊಂದು ಕೂಡೂದಿಲ್ಲ ಅನ್ನೂದನ್ನ ಮಾತ್ರ ಕ್ಯಾರೆಕ್ಟರ್ ಶೀಟ್ ಮ್ಯಾಲ ದಪ್ಪಗ ಬರಸ್ರಿ. ಎಲ್ಲಾ ಟೇಬಲ್‌ನ್ಯಾಗ ಅಲ್ಲೇ ಜಗಳ ಬೀಳತೈತಿ.

ಇನ್ನ ಪರೀಕ್ಷೆ. ಬಾಳ ಮಂದಿ ಒಂದು ದೊಡ್ಡ ಹೋರಾಟ ಇಟ್ಟು ‘ಈ ಸಬ್‌ಕ್ಲಾಸ್ ಅತಿ ಆತು’ ಅಂತ ತೀರ್ಪು ಕೊಡ್ತಾರ. ಲಾಂಗ್ ರೆಸ್ಟ್‌ಗೆ ತುಂಬೋ (ದೊಡ್ಡ ವಿಶ್ರಾಂತಿ ಆದ್ರ ಅಷ್ಟ ವಾಪಸ್ ಬರೋ) ಫೀಚರ್ ಎಲ್ಲಾ ಒಂದೇ ಹೋರಾಟದಾಗ ಸುರುವಿದ್ರ ಯಾವ ಸಬ್‌ಕ್ಲಾಸ್ ಆದ್ರೂ ಅತಿನೇ ಕಾಣತೈತಿ. ಒಂದು ಲಾಂಗ್ ರೆಸ್ಟ್ ಒಳಗ ಕಡಿಮಿ ಅಂದ್ರೂ ಮೂರು ಹೋರಾಟ, ನಡುವ ಎರಡು ಶಾರ್ಟ್ ರೆಸ್ಟ್ ಇಡ್ರಿ. ಒಂದು ಸಲಕ್ಕ ಒಬ್ಬ ಆಟಗಾರನ ಒಂದೇ ಸಬ್‌ಕ್ಲಾಸ್ ಬದಲಿಸ್ರಿ, ಉಳಿದವ್ರು ಪುಸ್ತಕದ್ದು ಆಡಲಿ. ಪರೀಕ್ಷೆ ನಡೆಯೂ ಹೊತ್ತಿನ್ಯಾಗ ಮನಿ ನಿಯಮ ತರಬ್ಯಾಡ್ರಿ. ತಂದ್ರ ಏನು ಕೆಲಸ ಮಾಡ್ತು, ಏನು ಮಾಡಲಿಲ್ಲ ಅನ್ನೂದು ತಿಳಿಯೂದಿಲ್ಲ. ಒಂದು ಹಾಳಿ ಮ್ಯಾಲ ನಾಲ್ಕು ಕಾಲಮ್ ಗೀಚ್ರಿ: ಸುತ್ತು, ಬಳಸಿದ ಫೀಚರ್, ಆದ ಡ್ಯಾಮೇಜ್, ನಿಯಮ ಹುಡುಕಲಿಕ್ಕೆ ಆಟ ನಿಂತಿತೋ ಇಲ್ಲೋ. ನಾಲ್ಕನೇದು ಎಲ್ಲಕ್ಕಿಂತ ಮುಖ್ಯ. ಪ್ಲೇಟೆಸ್ಟ್‌ನ ಸಮೀಕ್ಷೆ ತುಂಬುವಾಗ ‘ಚಲೋ ಐತಿ’ ಅನ್ನೂ ಬದಲಿ ‘ಎರಡನೇ ವಾಕ್ಯ ಓದಿ ಮೂವರು ಮೂರು ಅರ್ಥ ಮಾಡಿದ್ರು’ ಅಂತ ಬರದ್ರ ವಿನ್ಯಾಸಕಾರರಿಗೆ ಕೆಲಸಕ್ಕ ಬರತೈತಿ.

ನಕ್ಷೆ ಬೇಕಂದ್ರ ನಮ್ಮ ಊರೇ ಸಾಕು. ಬಾದಾಮಿ ಬಂಡೆ ಅಂಚಿನ್ಯಾಗ ಹೋರಾಟ ಇಡ್ರಿ, ವೈರಿನ್ನ ತಳ್ಳೋ ಪುಶ್ ಮಾಸ್ಟರಿಯ 10 ಅಡಿಗೆ ಎಷ್ಟು ಬೆಲಿ ಅಂತ ಒಂದೇ ಸುತ್ತಿನ್ಯಾಗ ಗೊತ್ತಾಗತೈತಿ. ಬಿದ್ರ ಡ್ಯಾಮೇಜ್ 10 ಅಡಿಗೆ 1ಡಿ6 (6 ಮುಖದ ಒಂದು ದಾಳ), ಹೆಚ್ಚಂದ್ರ 20ಡಿ6. ಬಯಲಿನ ನಕ್ಷೆ ಮ್ಯಾಲ ಪುಶ್ ಸಪ್ಪಗ ಕಾಣತೈತಿ.

ಗುಮ್ಮಟ_ಡಿಎಂ (ವಿಜಯಪುರ)

ನಕ್ಷೆ ಮಾತು ಬಂತಂತ ಇನ್ನೊಂದು. ಹೈಡ್ (ಅಡಗಿಕೊಳ್ಳೋ) ನಿಯಮ ಪರೀಕ್ಷೆಗೆ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ಇಡ್ರಿ. ಪುಸ್ತಕದ ಪ್ರಕಾರ ಮರೆಯಾಗಲಿಕ್ಕೆ ಡಿಸಿ 15 ಸ್ಟೆಲ್ತ್ (ದಾಳ, ಬೋನಸ್ ಕೂಡಿ ಕಡಿಮಿ ಅಂದ್ರೂ 15 ಬರಬೇಕು), ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದ್ರ ಮರೆ ಹೋಗ್ತದ. ಅಲ್ಲಿ ಪಿಸುಮಾತೇ ಎದುರಿನ ಗ್ವಾಡಿಗೆ ಮುಟ್ಟತದ. ಆ ಜಾಗಾದಾಗ ಪಿಸುಮಾತಿಗೂ ಮರೆ ಮುರೀತದ ಅಂತ ಮೊದಲೇ ಸಾರಿ ಆಡಿಸ್ರಿ.

ತಿಲಕವಾಡಿ_ಟೇಬಲ್ (ಬೆಳಗಾವಿ)

ಬಾಳ ಉಪಕಾರ ಆತ್ರಿ ಇಬ್ಬರಿಗೂ. ಟಾಪಲ್ ಒಂದು ಉಳೀತು. ದಿನಕ್ಕ ಇಷ್ಟೇ ಸಲ ಅಂತ ಮಿತಿ ಹಾಕಲೇನು?

ಬಾದಾಮಿ_ಬಂಡೆ (ಬಾಗಲಕೋಟೆ)

ಮಿತಿ ಬ್ಯಾಡ್ರಿ, ಅಂವಗ ಲೆಕ್ಕ ತೋರಸ್ರಿ. ಲೆವೆಲ್ 5, ಸ್ಟ್ರೆಂತ್ 18 ಇದ್ರ ಡಿಸಿ 8, ಸ್ಟ್ರೆಂತ್ ಬೋನಸ್ 4, ಪ್ರಾವೀಣ್ಯ ಬೋನಸ್ 3 ಕೂಡಿ 15. ಕಾನ್‌ಸ್ಟಿಟ್ಯೂಶನ್ ಸೇವ್ +3 ಇರೋ ರಾಕ್ಷಸ 100ಕ್ಕ 55 ಸಲ ಬೀಳತೈತಿ. ಮೊದಲನೇ ಏಟಿಗೇ ಬಿದ್ದ್ರ ಎರಡನೇ ಏಟಿಗೆ ಸೇವ್ ಬೇಕಾಗಿಲ್ಲ, ಆಗಲೇ ಬಿದ್ದೈತಿ. ಸೇವ್ ಕೇಳೂದು ಆಟಗಾರನ ಇಚ್ಛಾ, ಕಡ್ಡಾಯ ಅಲ್ಲ. ವೇಗಕ್ಕ ಅಟ್ಯಾಕ್ ಡಿ20, ಡ್ಯಾಮೇಜ್ 2ಡಿ6 ಆಟಗಾರ ಕೂಡಿಸಿ ಒಗೀಲಿ, ಡಿಎಂ ಅದೇ ಹೊತ್ತಿಗೆ ಸೇವ್ ಒಗೀರಿ.

ಗ್ರೇಟ್‌ಸ್ವೋರ್ಡ್‌ಗೂ 2ಡಿ6. ಅದರ ಗ್ರೇಜ್‌ಗೆ ದಾಳನೇ ಬ್ಯಾಡ, ತಪ್ಪಿದ ಏಟಿಗೂ ಸ್ಟ್ರೆಂತ್ ಬೋನಸ್ 4 ಹೋಗತೈತಿ. ವೈರಿ ಎಸಿ 15, ಏಟಿನ ಡಿ20 ಮ್ಯಾಲ ಅವೇ ಎರಡು ಬೋನಸ್ ಕೂಡಿ +7 ಅಂದ್ರ 100ಕ್ಕ 35 ಏಟು ತಪ್ಪತಾವ, ಹಂಗಂದ್ರ ಏಟಿಗೆ ಸರಾಸರಿ 1.4 ಹೆಚ್ಚಿಗಿ. ಲೆವೆಲ್ 5 ಫೈಟರ್‌ಗೆ ನಾಲ್ಕು ಆಯುಧದ ಮಾಸ್ಟರಿ ಇರ್ತಾವ, ಎರಡೂ ಇಟ್ಕೊಳ್ಳಲಿ.

ಯಾವಾಗ ಯಾವುದು ಅನ್ನೂದಕ್ಕ ಇನಿಶಿಯೇಟಿವ್ ಸಾಲು (ಯಾರ ಟರ್ನ್ ಯಾವಾಗ ಅನ್ನೋ ಕ್ರಮ) ನೋಡಬೇಕು. ಬಿದ್ದ ವೈರಿ ಮ್ಯಾಲ 5 ಅಡಿ ಒಳಗಿನವ್ರಿಗೆ ಅಡ್ವಾಂಟೇಜ್ (ಎರಡು ಡಿ20 ಒಗೆದು ದೊಡ್ಡದು), ದೂರದವ್ರಿಗೆ ಡಿಸಡ್ವಾಂಟೇಜ್ (ಸಣ್ಣದು). ನಿಮ್ಮ ವಾರ್ಲಾಕ್‌ನ ಎಲ್ಡ್ರಿಚ್ ಬ್ಲಾಸ್ಟ್ ದೂರದಿಂದ ಹೊಡೆಯೂದು. ಫೈಟರ್ ಆದಮ್ಯಾಲ ವಾರ್ಲಾಕ್ ಬರ್ತಿದ್ರ ಟಾಪಲ್ ತಮ್ಮವನಿಗೇ ಅಡ್ಡ. ರೋಗ್ ಹತ್ತಿರ ನಿಂತು ಮೊದಲ ಹೊಡೀತಿದ್ರ ಸ್ನೀಕ್ ಅಟ್ಯಾಕ್‌ಗೆ ಬೇಕಾದ ಅಡ್ವಾಂಟೇಜ್ ಪುಕ್ಕಟ. ಫೈಟರ್ ಆದ ಕೂಡಲೇ ರಾಕ್ಷಸನ ಟರ್ನ್ ಇದ್ರ, ಅರ್ಧ ವೇಗ ಖರ್ಚು ಮಾಡಿ ಎದ್ದು ನಿಲ್ಲತೈತಿ, ಅಷ್ಟೇ. ಆವಾಗ ಗ್ರೇಟ್‌ಸ್ವೋರ್ಡ್ ತಗೀಲಿ.