ಅಪ್‌ಡೇಟ್: ಹಳೇ ಮನೆ ಗೋಡೆಯ ತೇವ

ಮಳೆ ನಿಂತು ಬಿಸಿಲು ಬಂದರೂ ಮೂಡಿಗೆರೆ ಹತ್ತಿರದ ನಮ್ಮ ಹಳೇ ಇಟ್ಟಿಗೆ ಮನೆಯ ಹಿಂದಿನ ಗೋಡೆ ಸೊಂಟದೆತ್ತರ ಒದ್ದೆ, ಬಿಳಿ ಪುಡಿ ಬೇರೆ ಉದುರುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಹೆಂಚು ಸೋರುತ್ತಿರಬೇಕು ಅಂದಿರಿ. ಆದರೆ ಗೋಡೆಯ ಮೇಲ್ಭಾಗ ಒಣಗಿಯೇ ಇದೆ. ಒಬ್ಬರು ಹೇಳಿದಂತೆ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕೂ ಅಂಚಿಗೆ ಟೇಪ್ ಹಾಕಿದೆ. ಹನಿ ಕೂತಿದ್ದು ಹಾಳೆಯ ಹಿಂದೆ. ಕೋಣೆ ಗಾಳಿಯ ತೇವವಾಗಿದ್ದರೆ ಮುಂದೆ ಕೂರಬೇಕಿತ್ತು, ಅಲ್ವಾ? ಅಂದರೆ ನೀರು ಬುಡದಿಂದ ಏರುತ್ತಿದೆ.

ಇದರ ಲೆಕ್ಕ ಮಜವಾಗಿದೆ. ನೀರು ಏರುವುದು ಇಟ್ಟಿಗೆಯೊಳಗಿನ ಸಣ್ಣ ರಂಧ್ರಗಳ ಮೂಲಕ; ರಂಧ್ರ ಸಣ್ಣದಾದಷ್ಟೂ ನೀರು ಜಾಸ್ತಿ ಎತ್ತರ ಹತ್ತುತ್ತದೆ. 0.1 ಮಿ.ಮೀ. ತ್ರಿಜ್ಯದ ಗಾಜಿನ ಕೊಳವೆಯಲ್ಲಿ ಸುಮಾರು 15 ಸೆಂ.ಮೀ., 0.01 ಮಿ.ಮೀ. ಆದರೆ ಒಂದೂವರೆ ಮೀಟರ್! ಗೋಡೆಯಲ್ಲಿ ಅಷ್ಟು ಏರುವ ಮೊದಲೇ ಆವಿಯಾಗಿ ಹೋಗಬೇಕು. ನಮ್ಮಲ್ಲಿ ಯಾವ ಕಾಲದಲ್ಲೋ ಸಿಮೆಂಟ್ ಗಾರೆ ಹೊಡೆಸಿದ್ದಾರೆ. ಆವಿಗೆ ದಾರಿ ಕಮ್ಮಿಯಾಗಿ ನೀರು ಇನ್ನೂ ಮೇಲಕ್ಕೆ ಹೋಗಿದೆ. ಬಿಳಿ ಪುಡಿ ಅದರ ಜೊತೆ ಕರಗಿ ಬಂದ ಉಪ್ಪು.

ಕಾಫಿ ಕಣದ ಮಣ್ಣು ಗೋಡೆಗೆ ತಾಗಿಕೊಂಡಿತ್ತು. ತೆಗೆಸಿ ದಪ್ಪ ಜಲ್ಲಿ ತುಂಬಿಸಿದೆ. ಅರೆ ಒದ್ದೆ ಮಣ್ಣು ತನ್ನ ಸಣ್ಣ ರಂಧ್ರಗಳಲ್ಲೇ ನೀರನ್ನು ಹಿಡಿದುಕೊಳ್ಳುತ್ತದೆ, ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಪೂರ್ತಿ ನೆನೆದರೆ ಮಾತ್ರ ಬಿಡುತ್ತದೆ. ನಮ್ಮ ಮಳೆ ಗೊತ್ತಲ್ಲ, ಅದಕ್ಕೆ ಜಲ್ಲಿಯಡಿ ತೂತಿನ ಪೈಪ್ ಇಟ್ಟು ಇಳಿಜಾರಿಗೆ ಬಿಡಿಸಿದ್ದೇನೆ. ಒಳಗೆ ಸಿಮೆಂಟ್ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿದ್ದಾಯಿತು.

ಒದ್ದೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದಿದ್ದೆ. ಈಗ ತೇವ ಅದಕ್ಕಿಂತ ಒಂದು ಗೇಣು ಕೆಳಗಿದೆ. ಪೇಂಟ್ ಮಾತ್ರ ಸದ್ಯಕ್ಕೆ ಹೊಡೆಸುವುದಿಲ್ಲ.